ಇಲಿಯ ಅಂಗಾಲಿನ ಚರ್ಮದಲ್ಲಿ ನರದ ಎಳೆ ಎಣಿಸುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಕ್ಯಾನ್ಸರ್ ಔಷಧಿ ತೆಗೆದುಕೊಂಡವರಲ್ಲಿ ಹಲವರು ಒಂದೇ ಥರದ ಮಾತು ಹೇಳುತ್ತಾರೆ. ಕಾಲ್ಬೆರಳ ತುದಿ ಜೋಮು ಹಿಡಿದಿದೆ. ಅಂಗಾಲು ಉರಿಯುತ್ತದೆ. ಚಪ್ಪಲಿ ಕಾಲಲ್ಲಿದೆಯೋ ಜಾರಿಬಿತ್ತೋ ಗೊತ್ತಾಗುವುದಿಲ್ಲ. ಸಕ್ಕರೆ ಕಾಯಿಲೆ ಹಳೆಯದಾದವರ ಬಾಯಲ್ಲೂ ಇದೇ ಮಾತು ಕೇಳುತ್ತೇವೆ. ಕೆಟ್ಟಿರುವುದು ತೀರಾ ಸಣ್ಣ ಎಳೆಗಳು ಮಾತ್ರ ಆಗಿದ್ದರೆ, ನರದಲ್ಲಿ ಕರೆಂಟು ಹರಿಸಿ ನೋಡುವ ಪರೀಕ್ಷೆಯಲ್ಲಿ ಎಲ್ಲ ನಾರ್ಮಲ್ ಅಂತಲೇ ಬರುತ್ತದೆ. ಆ ಪರೀಕ್ಷೆಗೆ ಸಿಗುವುದು ದಪ್ಪ, ವೇಗದ ಎಳೆಗಳು. ನೋವು, ಬಿಸಿ, ತಣ್ಣಗೆ ತಿಳಿಸುವ ಎಳೆಗಳು ಒಂದು ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಆಸುಪಾಸಿನವು. ಅವು ಚರ್ಮದ ಮೇಲ್ಪದರದವರೆಗೆ ಬಂದು ಅಲ್ಲೇ ಕೊನೆಯಾಗುತ್ತವೆ.

ಹಾಗಾಗಿ ಅವನ್ನು ಚರ್ಮದಲ್ಲೇ ಹುಡುಕಬೇಕು. 1993ರಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ವಿಲಿಯಂ ಕೆನಡಿ ಮತ್ತು ಗ್ವೆನ್ ವೆಂಡೆಲ್‌ಶಾಫರ್-ಕ್ರಾಬ್ ಮನುಷ್ಯರ ಮೇಲ್ಪದರದ ಈ ಎಳೆಗಳನ್ನು ವಿವರವಾಗಿ ತೋರಿಸಿದರು. 1998ರಲ್ಲಿ ಜಾನ್ಸ್ ಹಾಪ್‌ಕಿನ್ಸ್‌ನ ಜಸ್ಟಿನ್ ಮೆಕಾರ್ಥರ್ ತಂಡ ಆರೋಗ್ಯವಂತರ ಕಾಲಿನ ಕೆಳಭಾಗದಲ್ಲಿ ಪ್ರತಿ ಮಿಲಿಮೀಟರಿಗೆ ಸರಾಸರಿ 13.8 ಎಳೆ ಇರುತ್ತವೆ ಎಂದು ಎಣಿಸಿಟ್ಟಿತು. ಇವತ್ತು ಪ್ರಾಣಿಗಳಲ್ಲಿ ನಾವು ಮಾಡುವುದೂ ಅದೇ ಎಣಿಕೆ. ಮೇಲ್ಪದರದ ಒಂದು ಮಿಲಿಮೀಟರ್ ಉದ್ದಕ್ಕೆ ಎಷ್ಟು ಎಳೆ ಎಂದು ಲೆಕ್ಕ ಹಾಕುತ್ತೇವೆ.

ಎಣಿಸುವ ಕೆಲಸ ಕಷ್ಟವೇನಲ್ಲ, ಒಂದು ವಾರದಲ್ಲಿ ಕಲಿಯಬಹುದು. ಎಣಿಸುವ ಮೊದಲು ತೆಗೆದುಕೊಳ್ಳುವ ತೀರ್ಮಾನಗಳೇ ಕಷ್ಟ. ಯಾವ ಜಾಗದ ಚರ್ಮ, ಯಾವ ದಿನ, ಎಷ್ಟು ದಪ್ಪದ ಸೆಕ್ಷನ್ (ಚರ್ಮದ ತೆಳು ಹೋಳು), ಯಾವುದನ್ನು ಎಳೆ ಅನ್ನಬೇಕು, ಯಾವುದನ್ನು ಬಿಡಬೇಕು. ಇವನ್ನೆಲ್ಲ ಸ್ಲೈಡ್ ನೋಡುವ ಮೊದಲೇ ಬರೆದಿಡದಿದ್ದರೆ, ನಮಗೆ ಗೊತ್ತಿಲ್ಲದೆಯೇ ನಮಗೆ ಬೇಕಾದ ಉತ್ತರವನ್ನು ಎಣಿಸಿಬಿಡುತ್ತೇವೆ. ಈ ಲೇಖನದಲ್ಲಿ ಜಾಸ್ತಿ ಜಾಗ ಆ ತೀರ್ಮಾನಗಳಿಗೇ ಹೋಗಿದೆ.

ಕನ್ನಡದಲ್ಲಿ ಎರಡಕ್ಕೂ ಇಲಿ ಅಂತೀವಿ. ಲ್ಯಾಬಿನಲ್ಲಿ ಅದು ಗೊಂದಲ. ಇಲ್ಲಿ ದೊಡ್ಡದನ್ನು ರ‍್ಯಾಟ್, ಚಿಕ್ಕದನ್ನು ಮೌಸ್ ಎಂದೇ ಕರೆಯುತ್ತೇನೆ.

ಮಾದರಿ: ಪ್ಯಾಕ್ಲಿಟ್ಯಾಕ್ಸೆಲ್ ಕೊಟ್ಟ ರ‍್ಯಾಟ್

ನರರೋಗದ ಪ್ರಾಣಿ ಮಾದರಿಗಳು ಬೇಕಾದಷ್ಟಿವೆ. ಸ್ಟ್ರೆಪ್ಟೋಜೋಟೋಸಿನ್ ಕೊಟ್ಟು ಸಕ್ಕರೆ ಕಾಯಿಲೆ ತರಿಸುವುದು, ಜೀನ್ ದೋಷದಿಂದ ಸಕ್ಕರೆ ಕಾಯಿಲೆಗೆ ತುತ್ತಾಗುವ ಡಿಬಿ/ಡಿಬಿ ಮೌಸ್, ಹಿಂಗಾಲಿಗೆ ಇಳಿಯುವ ಸಯಾಟಿಕ್ ನರಕ್ಕೆ ಸಡಿಲವಾಗಿ ದಾರ ಕಟ್ಟುವುದು, ಆಕ್ಸಾಲಿಪ್ಲಾಟಿನ್, ವಿನ್‌ಕ್ರಿಸ್ಟಿನ್, ಬೋರ್ಟೆಜೊಮಿಬ್ ಎಂಬ ಬೇರೆ ಕ್ಯಾನ್ಸರ್ ಔಷಧಿಗಳು, ಹೀಗೆ. ಎಣಿಕೆಯ ಹಾದಿ ಎಲ್ಲದಕ್ಕೂ ಒಂದೇ. ನಾನು ಪ್ಯಾಕ್ಲಿಟ್ಯಾಕ್ಸೆಲ್ ರ‍್ಯಾಟ್ ಹಿಡಿದು ಹೇಳುತ್ತೇನೆ, ಯಾಕೆಂದರೆ ಚರ್ಮವನ್ನೇ ಏಕೆ ನೋಡಬೇಕು ಎಂಬುದು ಅಲ್ಲಿ ಚೆನ್ನಾಗಿ ಕಾಣುತ್ತದೆ.

ಈ ಮಾದರಿಯಲ್ಲಿ ಸಾಮಾನ್ಯವಾಗಿ ದಿನ ಬಿಟ್ಟು ದಿನ ನಾಲ್ಕು ಸಲ, ಪ್ರತಿ ಕೆಜಿ ತೂಕಕ್ಕೆ 2 ಮಿಲಿಗ್ರಾಮಿನಂತೆ ಹೊಟ್ಟೆಯೊಳಗೆ ಇಂಜೆಕ್ಷನ್ ಕೊಡುತ್ತಾರೆ. ಒಟ್ಟು ಪ್ರತಿ ಕೆಜಿಗೆ 8 ಮಿಲಿಗ್ರಾಂ. ಪ್ರಾಣಿ ನೋಡಲು ಗಟ್ಟಿಮುಟ್ಟಾಗಿಯೇ ಇರುತ್ತದೆ, ಆದರೆ ದಿನ ಕಳೆದಂತೆ ಅಂಗಾಲನ್ನು ಸಣ್ಣ ನೈಲಾನ್ ಎಳೆಯಿಂದ ಮುಟ್ಟಿದರೂ ಕಾಲು ಕಿತ್ತುಕೊಳ್ಳುತ್ತದೆ. ನೋವಿನ ಸಂಶೋಧಕ ಗ್ಯಾರಿ ಬೆನೆಟ್ ಗುಂಪು 2006ರಲ್ಲಿ ತೋರಿಸಿದ್ದು ಇದು: ಪ್ಯಾಕ್ಲಿಟ್ಯಾಕ್ಸೆಲ್ ಮತ್ತು ವಿನ್‌ಕ್ರಿಸ್ಟಿನ್ ಕೊಟ್ಟ ರ‍್ಯಾಟ್‌ಗಳ ಅಂಗಾಲಿನ ಮೇಲ್ಪದರದಲ್ಲಿ ಎಳೆಗಳು ಕಡಿಮೆಯಾಗಿರುತ್ತವೆ. ಅದೇ ಡೋಸಿನಲ್ಲಿ ಮೇಲೆ ನರದ ನಡುಭಾಗ ಕತ್ತರಿಸಿ ನೋಡಿದರೆ ಅಂಥ ಹಾನಿ ಕಾಣುವುದಿಲ್ಲ. ಮರದ ಕಾಂಡ ಹಸಿರಾಗಿದ್ದು ಚಿಗುರು ಒಣಗಿದ ಹಾಗೆ. ಕಾಂಡ ಮಾತ್ರ ನೋಡಿ ಬಂದವರು ಮರಕ್ಕೆ ಏನೂ ಆಗಿಲ್ಲ ಅನ್ನುತ್ತಾರೆ.

ಹೋಲಿಕೆಗೆ ಇಟ್ಟ ಕಂಟ್ರೋಲ್ ಗುಂಪಿಗೆ ಬರೀ ಸಲೈನ್ ಕೊಟ್ಟರೆ ಸಾಲದು. ಪ್ಯಾಕ್ಲಿಟ್ಯಾಕ್ಸೆಲ್ ನೀರಲ್ಲಿ ಕರಗುವುದಿಲ್ಲ. ಅದನ್ನು ಕ್ರೆಮೊಫೋರ್ ಎಂಬ ಎಣ್ಣೆಯಂಥ ದ್ರವ ಮತ್ತು ಎಥನಾಲಿನಲ್ಲಿ ಕರಗಿಸಿ, ಆಮೇಲೆ ಸಲೈನ್ ಬೆರೆಸುತ್ತಾರೆ. ಕ್ರೆಮೊಫೋರ್ ತಾನೇ ನರಕ್ಕೆ ಪೂರ್ತಿ ನಿರಪಾಯಕಾರಿ ಅಲ್ಲ. ಆದ್ದರಿಂದ ಕಂಟ್ರೋಲ್ ಪ್ರಾಣಿಗಳಿಗೆ ಔಷಧಿ ಬಿಟ್ಟು ಉಳಿದದ್ದೆಲ್ಲ, ಅದೇ ಪ್ರಮಾಣದಲ್ಲಿ, ಅದೇ ದಿನಗಳಲ್ಲಿ ಹೋಗಬೇಕು.

ಸಕ್ಕರೆ ಕಾಯಿಲೆಯ ಮಾದರಿ ಆರಿಸಿಕೊಂಡವರಿಗೆ ಒಂದು ಎಚ್ಚರಿಕೆ. ಸ್ಟ್ರೆಪ್ಟೋಜೋಟೋಸಿನ್ ಕೊಟ್ಟ ಪ್ರಾಣಿ ಸರಿಯಾಗಿ ಬೆಳೆಯುವುದಿಲ್ಲ. ಕಂಟ್ರೋಲ್ ಪ್ರಾಣಿಯ ಪಾದ ದೊಡ್ಡದಾಗುತ್ತದೆ, ಇದರದ್ದು ಚಿಕ್ಕದಾಗಿಯೇ ಉಳಿಯುತ್ತದೆ. ಚಿಕ್ಕ ಪಾದದಲ್ಲಿ ಅಷ್ಟೇ ಎಳೆ ಇದ್ದರೂ ಮಿಲಿಮೀಟರ್ ಲೆಕ್ಕದಲ್ಲಿ ದಟ್ಟವಾಗಿ ಕಾಣುತ್ತವೆ. ಹೀಗಾಗಿ ನಿಜವಾದ ನಷ್ಟ ಲೆಕ್ಕದಲ್ಲಿ ಮುಚ್ಚಿಹೋಗಬಹುದು. ಪ್ರಾಣಿಯ ತೂಕ ಮತ್ತು ಪಾದದ ಉದ್ದ ಬರೆದಿಡಿ.

ಪ್ರಾಣಿ ಮುಟ್ಟುವ ಮೊದಲು

ನಮ್ಮ ದೇಶದಲ್ಲಿ ಈ ಕೆಲಸಕ್ಕೆ ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆ ಬೇಕು. ಬೆಂಗಳೂರಿನ ದೊಡ್ಡ ಸಂಶೋಧನಾ ಕೇಂದ್ರವಿರಲಿ, ಜಿಲ್ಲೆಯ ಫಾರ್ಮಸಿ ಕಾಲೇಜಿರಲಿ, ನಿಯಮ ಒಂದೇ. ಆ ಸಮಿತಿಗಳ ಮೇಲಿರುವುದು ಹಿಂದೆ ಸಿಪಿಸಿಎಸ್‌ಇಎ ಎಂದು ಕರೆಯುತ್ತಿದ್ದ, ಈಗ ಸಿಸಿಎಸ್‌ಇಎ ಎಂದಾಗಿರುವ ಕೇಂದ್ರ ಸಮಿತಿ. ಅರ್ಜಿಯಲ್ಲಿ ಪ್ರಾಣಿಗಳ ಸಂಖ್ಯೆಗೆ ಕಾರಣ ಕೇಳುತ್ತಾರೆ. "ಎಲ್ಲರೂ ಆರು ತಗೋತಾರೆ" ಅನ್ನುವುದು ಕಾರಣವಲ್ಲ. ನಾಲ್ಕೈದು ಕಂಟ್ರೋಲ್ ಪ್ರಾಣಿಗಳ ಹಳೆಯ ಎಣಿಕೆ ಸಿಕ್ಕರೆ ಅದರಲ್ಲಿ ಪ್ರಾಣಿಯಿಂದ ಪ್ರಾಣಿಗೆ ಎಷ್ಟು ವ್ಯತ್ಯಾಸ ಇದೆ ನೋಡಿ, ನಿಮಗೆ ಕಾಣಬೇಕಾದ ನಷ್ಟ ಎಷ್ಟು ಅಂತ ತೀರ್ಮಾನಿಸಿ, ಅದರ ಮೇಲೆ ಸಂಖ್ಯೆ ಲೆಕ್ಕ ಹಾಕಿ. ಕಡಿಮೆ ಪ್ರಾಣಿ ಬಳಸಿ ಏನೂ ತಿಳಿಯದೆ ಹೋದರೆ ಆ ಪ್ರಾಣಿಗಳೆಲ್ಲ ವ್ಯರ್ಥ. ಬೇಕಿದ್ದಕ್ಕಿಂತ ಜಾಸ್ತಿ ಬಳಸಿದರೆ ಆ ಜಾಸ್ತಿಯಷ್ಟೂ ವ್ಯರ್ಥ.

ಯಾವ ಪ್ರಾಣಿ ಯಾವ ಗುಂಪಿಗೆ ಅನ್ನುವುದನ್ನು ಕಂಪ್ಯೂಟರ್‌ನಿಂದ ಯಾದೃಚ್ಛಿಕವಾಗಿ ಆರಿಸಿ. ಪಂಜರದಲ್ಲಿ ಕೈಗೆ ಮೊದಲು ಸಿಗುವುದು ಸಾಧಾರಣವಾಗಿ ಮೆತ್ತಗಿರುವ ಪ್ರಾಣಿ, ಅದೇ ಒಂದು ಪಕ್ಷಪಾತ.

ಎಳೆಗಳ ಎಣಿಕೆಯ ದಿನ ಕೂಡ ಮೊದಲೇ ಗೊತ್ತಿರಬೇಕು. ಎಳೆಗಳು ಸಾಯುವುದಕ್ಕೂ ಸಮಯ ಬೇಕು, ಔಷಧಿ ನಿಂತ ಮೇಲೆ ಮತ್ತೆ ಬೆಳೆಯುವುದಕ್ಕೂ ಸಮಯ ಬೇಕು. ಸಯಾಟಿಕ್ ನರವನ್ನೇ ಕತ್ತರಿಸಿದರೆ ಎರಡು ಮೂರು ದಿನದಲ್ಲಿ ಮೇಲ್ಪದರದ ಎಳೆಗಳು ಮಾಯ. ಪ್ಯಾಕ್ಲಿಟ್ಯಾಕ್ಸೆಲ್‌ನಲ್ಲಿ ಹಾಗಲ್ಲ, ನಿಧಾನ. ಅಂಗಾಲಿನ ಅತಿಸೂಕ್ಷ್ಮತೆ ತಾರಕಕ್ಕೇರಿದ ದಿನಗಳಲ್ಲಿ ಚರ್ಮ ತೆಗೆಯುವುದು ವಾಡಿಕೆ.

ಚರ್ಮ ತೆಗೆಯುವುದು

ಹಿಂಗಾಲಿನ ಅಂಗಾಲಿನ ಕೂದಲಿಲ್ಲದ ಚರ್ಮ ತೆಗೆದುಕೊಳ್ಳಿ. ಎಲ್ಲಕ್ಕಿಂತ ಉದ್ದದ ನರಗಳು ಹೋಗುವುದು ಅಲ್ಲಿಗೇ, ಮೊದಲು ಕೆಡುವುದೂ ಅವೇ. ನಡೆಯುವಾಗ ನೆಲಕ್ಕೆ ತಾಗುವ ಮೆತ್ತನೆ ಗುಬುಟುಗಳಿವೆಯಲ್ಲ, ಅವುಗಳ ಮೇಲೆ ಮತ್ತು ಅವುಗಳ ನಡುವಿನ ಸಪಾಟು ಜಾಗದಲ್ಲಿ ಎಳೆಗಳ ದಟ್ಟಣೆ ಬೇರೆ ಬೇರೆ. ಆದ್ದರಿಂದ ಒಂದು ಜಾಗ ಆರಿಸಿ ಅದಕ್ಕೇ ಅಂಟಿಕೊಳ್ಳಿ. ರ‍್ಯಾಟ್ ಆದರೆ ಅಂಗಾಲಿನ ನಡುವೆ, ಗುಬುಟುಗಳ ನಡುವಿನ ಸಪಾಟು ಚರ್ಮದಲ್ಲಿ 3 ಮಿ.ಮೀ. ಪಂಚ್ (ಚರ್ಮದ ದುಂಡು ಬಿಲ್ಲೆ ಕತ್ತರಿಸುವ ಉಪಕರಣ) ಹಾಕಬಹುದು. ಮೌಸ್ ಪಾದ ಪುಟ್ಟದು, ಅಲ್ಲಿ ಒಂದು ನಿರ್ದಿಷ್ಟ ಗುಬುಟನ್ನೇ ಪೂರ್ತಿ ತೆಗೆಯುವವರು ಜಾಸ್ತಿ. ಮೊದಲ ಪ್ರಾಣಿಯ ಪಾದದ ಫೋಟೋ ತೆಗೆದು, ಪಂಚ್ ಬೀಳುವ ಜಾಗಕ್ಕೆ ಗುರುತು ಹಾಕಿ ಗೋಡೆಗೆ ಅಂಟಿಸಿ. ಇದನ್ನು ಮಾಡಿದ ಮೇಲೆ ನಮ್ಮ ಪ್ರಾಣಿಯಿಂದ ಪ್ರಾಣಿಗಿನ ವ್ಯತ್ಯಾಸ ಕಣ್ಣಿಗೆ ಕಾಣುವಷ್ಟು ಇಳಿಯಿತು.

ಪ್ರಾಣಿಯನ್ನು ಒಪ್ಪಿಗೆ ಪಡೆದ ವಿಧಾನದಲ್ಲಿ ನೋವಿಲ್ಲದೆ ಕೊನೆಗಾಣಿಸಿ ತಕ್ಷಣ ಪಂಚ್ ಮಾಡಿ. ಒಳಪದರದ ಕೊಬ್ಬಿನವರೆಗೂ ಹೋಗಲಿ. ಚರ್ಮವನ್ನು ಚಿಮುಟದಿಂದ ಮೇಲ್ಭಾಗದಲ್ಲಿ ಹಿಡಿಯಬೇಡಿ, ಕೆಳಗಿನ ಕೊಬ್ಬಿನಲ್ಲಿ ಹಿಡಿಯಿರಿ. ಹಿಂಡಿದ ಜಾಗದಲ್ಲಿ ಎಳೆಗಳು ನಜ್ಜುಗುಜ್ಜಾಗುತ್ತವೆ, ಆಮೇಲೆ ಅದು ರೋಗವೋ ಚಿಮುಟವೋ ಹೇಳಲಾಗುವುದಿಲ್ಲ. ತೆಗೆದ ತುಂಡನ್ನು ಪುಟ್ಟ ಫಿಲ್ಟರ್ ಪೇಪರ್ ಮೇಲೆ ಮೇಲ್ಮುಖವಾಗಿ ಹರಡಿ, ಪೇಪರ್ ಸಮೇತ ಫಿಕ್ಸೇಟಿವ್‌ಗೆ, ಅಂದರೆ ಚರ್ಮ ಕೆಡದಂತೆ ಇದ್ದ ಹಾಗೇ ಹಿಡಿದಿಡುವ ದ್ರಾವಣಕ್ಕೆ, ಬಿಡಿ. ಇಲ್ಲದಿದ್ದರೆ ಅದು ಒಣಗಿದ ಎಲೆಯಂತೆ ಮುದುರಿಕೊಳ್ಳುತ್ತದೆ.

ಇನ್ನೊಂದು ಕಾಲು? ಎರಡನ್ನೂ ತೆಗೆದಿಡಿ. ಒಂದು ಕೆಟ್ಟರೆ ಇನ್ನೊಂದು ಇರುತ್ತದೆ. ಆದರೆ ಎರಡೂ ಒಂದೇ ಪ್ರಾಣಿಯದ್ದು ಅನ್ನುವುದನ್ನು ಅಂಕಿ ಅಂಶ ಮಾಡುವಾಗ ಮರೆಯಬೇಡಿ.

ಫಿಕ್ಸ್ ಮಾಡುವುದು

ಝಾಂಬೋನಿ ದ್ರಾವಣ ಅಥವಾ ಪಿಎಲ್‌ಪಿ ಎಂಬ ಪ್ಯಾರಾಫಾರ್ಮಾಲ್ಡಿಹೈಡ್, ಲೈಸಿನ್, ಪೆರಿಯೊಡೇಟ್ ಮಿಶ್ರಣ. ಎರಡರಲ್ಲೂ ಪ್ಯಾರಾಫಾರ್ಮಾಲ್ಡಿಹೈಡ್ 2 ಶೇಕಡಾ ಮಾತ್ರ. ಮಾಮೂಲಿ ಫಾರ್ಮಾಲಿನ್‌ನಲ್ಲಿ ಹಾಕಿದರೆ ಎಳೆಗಳು ತುಂಡು ತುಂಡಾಗಿ ಕಾಣುತ್ತವೆ, ಕಂಟ್ರೋಲ್ ಪ್ರಾಣಿಯಲ್ಲೂ ಹಾಗೇ. 4 ಡಿಗ್ರಿಯಲ್ಲಿ ಒಂದು ರಾತ್ರಿ ಸಾಕು, ಸಣ್ಣ ತುಂಡಾದರೆ ಇನ್ನೂ ಕಡಿಮೆ. ಶುಕ್ರವಾರ ಸಂಜೆ ಹಾಕಿ ಸೋಮವಾರ ಬೆಳಿಗ್ಗೆ ತೆಗೆಯುವ ಅಭ್ಯಾಸ ಬೇಡವೇ ಬೇಡ. ಎಲ್ಲ ಪ್ರಾಣಿಗಳ ಚರ್ಮಕ್ಕೂ ಒಂದೇ ಗಂಟೆ ಲೆಕ್ಕ.

ಝಾಂಬೋನಿಯಲ್ಲಿ ಪಿಕ್ರಿಕ್ ಆಸಿಡ್ ಇದೆ. ಅದು ಒಣಗಿದರೆ ಸ್ಫೋಟಕ. ಬಾಟಲಿಯ ಕತ್ತಿನಲ್ಲಿ ಹಳದಿ ಪುಡಿ ಕೂತಿದ್ದರೆ ಮುಚ್ಚಳ ತಿರುಗಿಸದೆ ಸುರಕ್ಷತಾ ಸಿಬ್ಬಂದಿಯನ್ನು ಕರೆಯಿರಿ. ಪ್ಯಾಕ್ಲಿಟ್ಯಾಕ್ಸೆಲ್ ಕೂಡ ಕೋಶಗಳನ್ನು ಕೊಲ್ಲುವ ಔಷಧಿ. ಗ್ಲೌಸ್ ಹಾಕಿ, ಪಂಜರದ ಹೊಟ್ಟು ಬದಲಿಸುವವರಿಗೂ ವಿಷಯ ತಿಳಿಸಿ. ಆ ಕೆಲಸ ಮಾಡುವವರಿಗೆ ಯಾರೂ ಹೇಳಿರುವುದಿಲ್ಲ.

ಹಳದಿ ಬಣ್ಣ ಹೋಗುವವರೆಗೆ ಪಿಬಿಎಸ್ ಎಂಬ ಉಪ್ಪಿನ ಬಫರ್‌ನಲ್ಲಿ ತೊಳೆದು, 30 ಶೇಕಡಾ ಸಕ್ಕರೆ ದ್ರಾವಣಕ್ಕೆ ಹಾಕಿ. ಮೊದಲು ತೇಲುತ್ತದೆ. ಮುಳುಗಿದ ಮೇಲೆ ಮುಂದಿನ ಹೆಜ್ಜೆ. ಸಕ್ಕರೆ ಒಳಗಿಳಿಯದೆ ಹೆಪ್ಪುಗಟ್ಟಿಸಿದರೆ ಐಸ್ ಹರಳುಗಳು ಚರ್ಮವನ್ನು ಜರಡಿ ಮಾಡುತ್ತವೆ.

ಕತ್ತರಿಸುವುದು

ಇಲ್ಲಿ ಅವಸರ ಮಾಡಿದರೆ ಹಿಂದಿನದ್ದೆಲ್ಲ ನೀರಲ್ಲಿ ಹೋಮ. ಸೆಕ್ಷನ್ ಚರ್ಮದ ಮೇಲ್ಮೈಗೆ ನೇರ ಲಂಬವಾಗಿ ಬರಬೇಕು. ಅಚ್ಚಿನಲ್ಲಿ ಹೆಪ್ಪುಗಟ್ಟಿಸುವ ಜೆಲ್, ಅಂದರೆ ಓಸಿಟಿ, ಹಾಕಿ ಚರ್ಮದ ಬಿಲ್ಲೆಯನ್ನು ನಾಣ್ಯವನ್ನು ಅಂಚಿನ ಮೇಲೆ ನಿಲ್ಲಿಸುವ ಹಾಗೆ ನಿಲ್ಲಿಸಿ. ಬಾಗಿದರೆ ಚಿಮುಟದಿಂದ ತಿದ್ದಿ, ಅದು ನಿಂತ ಮೇಲಷ್ಟೇ ಡ್ರೈ ಐಸ್‌ನಲ್ಲಿ ತಣ್ಣಗಾದ ಐಸೋಪೆಂಟೇನ್‌ಗೆ ಇಳಿಸಿ. ಓರೆಯಾಗಿ ಕತ್ತರಿಸಿದರೆ ಮೇಲ್ಪದರ ದಪ್ಪಗೆ ಕಾಣುತ್ತದೆ, ಒಳಬರುವ ಎಳೆಗಳು ಅಡ್ಡಡ್ಡ ಚುಕ್ಕಿಗಳಾಗುತ್ತವೆ. ನಾನು ಶುರುವಿನಲ್ಲಿ ಒಂದು ಇಡೀ ಬ್ಯಾಚ್ ಹೀಗೆ ಕಳೆದುಕೊಂಡೆ. ಎಂಟು ಪ್ರಾಣಿಗಳು. ಬಿಲ್ಲೆ ಸ್ವಲ್ಪ ಮಾತ್ರ ವಾಲಿತ್ತು, ಅಷ್ಟಕ್ಕೆ ಏನಾಗುತ್ತೆ ಅಂದುಕೊಂಡಿದ್ದೆ. ಆ ಎಂಟು ಪ್ರಾಣಿಗಳ ನೆನಪು ಇನ್ನೂ ಇದೆ, ಅದಕ್ಕೇ ಈಗ ಪ್ರತಿ ಬ್ಲಾಕ್‌ನಿಂದ ಮೊದಲ ಎರಡು ಸೆಕ್ಷನ್ ಮಾಮೂಲಿ ಸೂಕ್ಷ್ಮದರ್ಶಕದಲ್ಲಿ ನೋಡಿ, ಓರೆ ಇದ್ದರೆ ಬ್ಲಾಕ್ ತಿರುಗಿಸಿ, ಆಮೇಲೆ ಮುಂದುವರಿಯುತ್ತೇನೆ.

ದಪ್ಪ 30 ಮೈಕ್ರಾನ್ ಇಟ್ಟುಕೊಳ್ಳಿ. ಮನುಷ್ಯರ ಬಯಾಪ್ಸಿಯಲ್ಲಿ 50 ಮೈಕ್ರಾನ್ ವಾಡಿಕೆ. ತೆಳ್ಳಗೆ ಕತ್ತರಿಸಿದಷ್ಟೂ ಎಳೆಗಳು ತುಂಡಾಗಿ, ದಾಟಿದವೋ ಇಲ್ಲವೋ ಹೇಳಲಾಗುವುದಿಲ್ಲ. ಮುಖ್ಯವಾದ ಇನ್ನೊಂದು ಮಾತು: ಸೆಕ್ಷನ್ ದಪ್ಪ ಇದ್ದಷ್ಟೂ ಅದರೊಳಗೆ ಎಳೆ ಜಾಸ್ತಿ ಸಿಗುತ್ತವೆ. ಹಾಗಾಗಿ 14 ಮೈಕ್ರಾನ್ ಲ್ಯಾಬಿನ ಸಂಖ್ಯೆಯನ್ನು 50 ಮೈಕ್ರಾನ್ ಲ್ಯಾಬಿನ ಸಂಖ್ಯೆಯ ಪಕ್ಕ ಇಟ್ಟು ಹೋಲಿಸುವುದಕ್ಕೆ ಅರ್ಥವಿಲ್ಲ. ದಪ್ಪ ಬರೆಯದ ಪ್ರಬಂಧದ ಸಂಖ್ಯೆಯನ್ನು ನಾನು ನಂಬುವುದಿಲ್ಲ.

ಯಾವ ಸೆಕ್ಷನ್ ಎಣಿಸಬೇಕು? "ಚೆನ್ನಾಗಿ ಬಂದದ್ದು" ಅಂತ ಆರಿಸಬೇಡಿ. 3 ಮಿ.ಮೀ. ಬಿಲ್ಲೆಯಿಂದ 30 ಮೈಕ್ರಾನಿನಂತೆ ಸುಮಾರು 100 ಸೆಕ್ಷನ್ ಬರುತ್ತವೆ. ಎರಡೂ ಅಂಚಿನ ಇಪ್ಪತ್ತಿಪ್ಪತ್ತು ಬಿಡಿ. ಉಳಿದ 60ರಲ್ಲಿ 1ರಿಂದ 15ರೊಳಗೆ ಒಂದು ಸಂಖ್ಯೆಯನ್ನು ಚೀಟಿ ಎತ್ತಿ, ಅಲ್ಲಿಂದ ಪ್ರತಿ ಹದಿನೈದನೆಯದು. ಚೀಟಿಯಲ್ಲಿ 7 ಬಂದರೆ 7, 22, 37, 52. ನಾಲ್ಕು ಸೆಕ್ಷನ್, ಒಂದರಿಂದ ಒಂದಕ್ಕೆ 450 ಮೈಕ್ರಾನ್ ದೂರ. ಒಂದೇ ಎಳೆ ಎರಡು ಸಲ ಎಣಿಕೆಗೆ ಬರುವ ಭಯ ಇಲ್ಲ.

ಬಣ್ಣ ಕಟ್ಟುವುದು

ಎಳೆಗಳನ್ನು ತೋರಿಸುವ ಗುರುತು ಪಿಜಿಪಿ 9.5 ಎಂಬ ಪ್ರೋಟೀನ್. ಎಲ್ಲ ಜಾತಿಯ ಎಳೆಗಳಲ್ಲೂ ಇರುವುದರಿಂದ ಒಟ್ಟು ಎಣಿಕೆಗೆ ಇದೇ ಸರಿ. ಸೆಕ್ಷನ್‌ಗಳನ್ನು ಸ್ಲೈಡಿಗೆ ಅಂಟಿಸದೆ, 24 ಗುಳಿಯ ತಟ್ಟೆಯಲ್ಲಿ ತೇಲಲು ಬಿಟ್ಟು ಬಣ್ಣ ಕಟ್ಟಿ. ಆಗ ಆ ಪ್ರೋಟೀನಿಗೆ ಅಂಟುವ ಆಂಟಿಬಾಡಿ ಎರಡೂ ಕಡೆಯಿಂದ ಒಳಗೆ ಇಳಿಯುತ್ತದೆ.

ಮೂರು ಸಲ ಹತ್ತು ಹತ್ತು ನಿಮಿಷ ಪಿಬಿಎಸ್‌ನಲ್ಲಿ ತೊಳೆಯಿರಿ. 5 ಶೇಕಡಾ ಸೀರಂ ಮತ್ತು 0.3 ಶೇಕಡಾ ಟ್ರೈಟಾನ್ ಇರುವ ದ್ರಾವಣದಲ್ಲಿ ಒಂದೆರಡು ಗಂಟೆ. ಆಮೇಲೆ ಮೊದಲ ಆಂಟಿಬಾಡಿ, 4 ಡಿಗ್ರಿಯಲ್ಲಿ ಒಂದು ರಾತ್ರಿ, ದಪ್ಪ ಸೆಕ್ಷನ್ ಆದರೆ ಎರಡು ರಾತ್ರಿ, ನಿಧಾನಕ್ಕೆ ಅಲುಗಾಡುತ್ತಿರಲಿ. ಮೊಲದಲ್ಲಿ ತಯಾರಿಸಿದ ಪಿಜಿಪಿ 9.5 ಆಂಟಿಬಾಡಿಯನ್ನು 1:500, 1:1000, 1:2000 ಮೂರರಲ್ಲೂ ಕಂಟ್ರೋಲ್ ಚರ್ಮದಲ್ಲಿ ಮೊದಲು ಪರೀಕ್ಷಿಸಿ ನಿಮ್ಮದನ್ನು ಆರಿಸಿಕೊಳ್ಳಿ. ಮತ್ತೆ ತೊಳೆದು, ಮೊದಲನೆಯದಕ್ಕೆ ಅಂಟಿ ಹೊಳೆಯುವ ಎರಡನೇ ಆಂಟಿಬಾಡಿ ಕತ್ತಲಲ್ಲಿ ಎರಡು ಗಂಟೆ. ಕೊನೆಗೆ ಕೋಶಕೇಂದ್ರಕ್ಕೆ ಡ್ಯಾಪಿ ಎಂಬ ನೀಲಿ ಬಣ್ಣ. ತೊಳೆದು ಸ್ಲೈಡಿಗೆ ಹರಡಿ ಮುಚ್ಚಿ.

ಇದರ ಜೊತೆಗೆ ಕೊಲ್ಯಾಜೆನ್ 4 ಆಂಟಿಬಾಡಿ ಸೇರಿಸಿ ಅಂತ ಒತ್ತಿ ಹೇಳುತ್ತೇನೆ. ಮೇಲ್ಪದರಕ್ಕೂ ಒಳಪದರಕ್ಕೂ ನಡುವೆ ಇರುವ ಗಡಿ ಪೊರೆಯನ್ನು ಅದು ಗೆರೆ ಎಳೆದ ಹಾಗೆ ತೋರಿಸುತ್ತದೆ. ಇಡೀ ಎಣಿಕೆ ನಿಂತಿರುವುದು ಆ ಗೆರೆಯ ಮೇಲೆ. ಗೆರೆ ಕಾಣದಿದ್ದರೆ ಅಂದಾಜಿನಲ್ಲಿ ಎಣಿಸುತ್ತೀರಿ.

ಇಲ್ಲೊಂದು ಗುಂಡಿ ಇದೆ. ಎಷ್ಟೋ ಕೊಲ್ಯಾಜೆನ್ 4 ಆಂಟಿಬಾಡಿಗಳು ಮೇಕೆಯಲ್ಲಿ ತಯಾರಾದವು. ನಮ್ಮ ಫ್ರಿಜ್‌ನಲ್ಲಿ ಸದಾ ಇರುವುದು ಮೇಕೆಯ ಸೀರಂ, ಮೇಕೆಯಲ್ಲಿ ತಯಾರಾದ ಮೊಲ-ವಿರೋಧಿ ಎರಡನೇ ಆಂಟಿಬಾಡಿ. ಈಗ ಕೊಲ್ಯಾಜೆನ್ ನೋಡಲು ಮೇಕೆ-ವಿರೋಧಿ ಆಂಟಿಬಾಡಿ ಹಾಕಿದರೆ ಅದು ಸೀರಂಗೂ ಅಂಟುತ್ತದೆ, ಇನ್ನೊಂದು ಎರಡನೇ ಆಂಟಿಬಾಡಿಗೂ ಅಂಟುತ್ತದೆ. ನರದ ಮೇಲೆ ಎರಡೂ ಬಣ್ಣ, ಹಿನ್ನೆಲೆಯೆಲ್ಲ ಮಂಜು. ಹಾಗಾಗಿ ಮೇಕೆಯ ಕೊಲ್ಯಾಜೆನ್ ಬಳಸುವುದಾದರೆ ಸೀರಂ ಕತ್ತೆಯದ್ದು, ಎರಡನೇ ಆಂಟಿಬಾಡಿಗಳೆರಡೂ ಕತ್ತೆಯವು. ಆರ್ಡರ್ ಮಾಡುವ ಮೊದಲು ಕಾಗದದ ಮೇಲೆ ಯಾವುದು ಯಾವ ಪ್ರಾಣಿಯದ್ದು ಅಂತ ಬರೆದು ಬಾಣ ಎಳೆದು ನೋಡಿ. ಐದು ನಿಮಿಷದ ಕೆಲಸ.

ಪ್ರತಿ ಬ್ಯಾಚ್‌ನಲ್ಲೂ ಎಲ್ಲ ಗುಂಪುಗಳ ಪ್ರಾಣಿ ಇರಲಿ. ಕಂಟ್ರೋಲ್ ಎಲ್ಲ ಸೋಮವಾರ, ಔಷಧಿ ಗುಂಪು ಗುರುವಾರ ಅಂತ ಮಾಡಿದರೆ ನೀವು ಅಳೆಯುವುದು ಸೋಮವಾರಕ್ಕೂ ಗುರುವಾರಕ್ಕೂ ಇರುವ ವ್ಯತ್ಯಾಸ. ಮೊದಲ ಆಂಟಿಬಾಡಿ ಹಾಕದ ಒಂದು ಸೆಕ್ಷನ್ ಕೂಡ ಬೇಕು. ಚರ್ಮದ ಹೊರಗಿನ ಸತ್ತ ಪದರ ತಾನಾಗಿಯೇ ಹೊಳೆಯುತ್ತದೆ, ಅದರ ಪರಿಚಯ ಆ ಸೆಕ್ಷನ್‌ನಿಂದ ಆಗುತ್ತದೆ.

ಬಣ್ಣ ಸರಿಯಾಗಿ ಕಟ್ಟಿದೆ ಅಂತ ಹೇಗೆ ಗೊತ್ತಾಗುತ್ತದೆ? ಒಳಪದರದ ಆಳದಲ್ಲಿ ನರಗಳ ಕಟ್ಟುಗಳಿರುತ್ತವೆ. ಮೇಲ್ಪದರದಲ್ಲಿ ಒಂದೂ ಎಳೆ ಇಲ್ಲದಿದ್ದರೂ ಪ್ಯಾಕ್ಲಿಟ್ಯಾಕ್ಸೆಲ್ ಪ್ರಾಣಿಯಲ್ಲಿ ಆ ಕಟ್ಟುಗಳು ಜೋರಾಗಿ ಹೊಳೆಯಬೇಕು. ಅವೂ ಮಂಕಾಗಿದ್ದರೆ ಅದು ಬಣ್ಣದ ಸೋಲು. ಆ ಸೆಕ್ಷನ್‌ಗೆ ಸೊನ್ನೆ ಹಾಕಬೇಡಿ, ಪಕ್ಕಕ್ಕಿಡಿ.

ಚಿತ್ರ ತೆಗೆಯುವುದು

ಕಾನ್‌ಫೋಕಲ್ ಸೂಕ್ಷ್ಮದರ್ಶಕ ಇದ್ದರೆ ಒಳ್ಳೆಯದು. ಸೆಕ್ಷನ್ ದಪ್ಪ ಪೂರ್ತಿ, ಮೇಲಿನಿಂದ ಕೆಳಕ್ಕೆ ಒಂದು ಮೈಕ್ರಾನ್ ಅಂತರದಲ್ಲಿ, 40 ಪಟ್ಟಿನ ಲೆನ್ಸಿನಲ್ಲಿ ಪದರ ಪದರವಾಗಿ ತೆಗೆಯಿರಿ. ಲೇಸರ್ ಸೆಟ್ಟಿಂಗ್ ಕಂಟ್ರೋಲ್ ಸ್ಲೈಡಿನಲ್ಲಿ ಒಮ್ಮೆ ಹೊಂದಿಸಿ, ಆಮೇಲೆ ಮುಟ್ಟಬೇಡಿ. ಎಳೆ ಕಾಣದ ಸ್ಲೈಡ್ ಬಂದಾಗ ಬೆಳಕು ಸ್ವಲ್ಪ ಏರಿಸೋಣ ಅಂತ ಕೈ ತಾನಾಗಿ ಹೋಗುತ್ತದೆ. ಅಲ್ಲೇ ತಡೆಯಿರಿ. ಕಾನ್‌ಫೋಕಲ್ ಇಲ್ಲದ ಕಡೆ ಮಾಮೂಲಿ ಫ್ಲೋರೆಸೆನ್ಸ್ ಸೂಕ್ಷ್ಮದರ್ಶಕದಲ್ಲೇ ಫೋಕಸ್ ಮೇಲೆ ಕೆಳಗೆ ತಿರುಗಿಸುತ್ತಾ ಕಣ್ಣಿನಿಂದ ಎಣಿಸಬಹುದು. ಮನುಷ್ಯರ ಬಯಾಪ್ಸಿಯಲ್ಲೂ ಹಾಗೆ ಎಣಿಸುವವರಿದ್ದಾರೆ, ತಪ್ಪಿಲ್ಲ.

ಈ ಹಂತದಲ್ಲಿ, ಕೆಲಸಕ್ಕೆ ಸಂಬಂಧವಿಲ್ಲದ ಯಾರಾದರೂ ಫೈಲ್‌ಗಳ ಹೆಸರು ಬದಲಿಸಿ ಸಂಕೇತ ಸಂಖ್ಯೆ ಕೊಡಲಿ. ಪಟ್ಟಿ ಅವರ ಹತ್ತಿರವೇ ಇರಲಿ. ಎಲ್ಲ ಎಣಿಕೆ ಮುಗಿದು ಬೀಗ ಹಾಕಿದ ಮೇಲೆ ತೆರೆಯಿರಿ.

ಹೊಸ್ತಿಲು ದಾಟಿದವರನ್ನು ಎಣಿಸುವುದು

ಗಡಿ ಪೊರೆಯನ್ನು ಮನೆಯ ಹೊಸ್ತಿಲು ಅಂದುಕೊಳ್ಳಿ. ಒಳಪದರ ಬೀದಿ, ಮೇಲ್ಪದರ ಮನೆ. ನಮಗೆ ಬೇಕಾದ್ದು ಹೊಸ್ತಿಲು ದಾಟಿ ಒಳಗೆ ಬಂದವರ ಲೆಕ್ಕ.

ಒಂದು ಎಳೆ ಹೊಸ್ತಿಲು ದಾಟಿ, ಮನೆಯೊಳಗೆ ಬಂದ ಮೇಲೆ ಮೂರು ಕವಲಾಯಿತು: ಒಂದು. ಬೀದಿಯಲ್ಲೇ ಕವಲಾಗಿ ಎರಡು ಕಡೆ ಹೊಸ್ತಿಲು ದಾಟಿತು: ಎರಡು. ಮನೆಯೊಳಗೆ ತುಂಡು ಎಳೆ ಕಾಣುತ್ತಿದೆ, ಆದರೆ ಯಾವ ಪದರ ತಿರುಗಿಸಿದರೂ ಅದು ಹೊಸ್ತಿಲು ದಾಟಿದ್ದು ಕಾಣುತ್ತಿಲ್ಲ: ಸೊನ್ನೆ. ಹೊಸ್ತಿಲವರೆಗೆ ಬಂದು ನಿಂತಿತು: ಸೊನ್ನೆ. ಯುರೋಪಿನ ನರರೋಗ ತಜ್ಞರ ಒಕ್ಕೂಟಗಳು 2005ರಲ್ಲಿ ಮನುಷ್ಯರ ಬಯಾಪ್ಸಿಗೆ ಕೊಟ್ಟು 2010ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯ ತಿರುಳೂ ಇಷ್ಟೇ.

ಒಂದು ಸೆಕ್ಷನ್ ಪರದೆಯ ಮೇಲೆ ಹೀಗೆ ಕಾಣುತ್ತದೆ. ಮೇಲೆ ಮಸುಕು ಹಸಿರಿನ ಸತ್ತ ಪದರ. ಅದರ ಕೆಳಗೆ ನೀಲಿ ಕೇಂದ್ರಗಳ ಸಾಲು ಸಾಲು. ಅದರ ತಳದಲ್ಲಿ ಏರಿಳಿಯುವ ಕೆಂಪು ಗೆರೆ, ಅದೇ ಗಡಿ ಪೊರೆ. ಗೆರೆಯ ಕೆಳಗೆ ಅಡ್ಡಡ್ಡ ಹರಿದ ಹಸಿರು ಜಾಲ. ಆ ಜಾಲದಿಂದ ಒಂದು ತೆಳು ಎಳೆ ಮೇಲೆದ್ದು, ಕೆಂಪು ಗೆರೆ ಸೀಳಿ, ಸಣ್ಣ ಮಣಿ ಪೋಣಿಸಿದ ದಾರದಂತೆ ಕೋಶಗಳ ಸಂದಿಯಲ್ಲಿ ಬಳುಕುತ್ತಾ ಮೇಲೆ ಹೋಗುತ್ತದೆ. ಆರೋಗ್ಯವಂತ ಪ್ರಾಣಿಯಲ್ಲಿ ಇಂಥವು ಹುಲ್ಲಿನಂತೆ ಎದ್ದಿರುತ್ತವೆ. ಔಷಧಿ ಪಡೆದದ್ದರಲ್ಲಿ ಅಲ್ಲಲ್ಲಿ ಬಯಲು.

ಮೋಸ ಮಾಡುವವರೂ ಇದ್ದಾರೆ. ಮರ್ಕೆಲ್ ಎಂಬ ಸ್ಪರ್ಶಕೋಶಗಳು ಪಿಜಿಪಿ 9.5ಕ್ಕೆ ಹೊಳೆಯುತ್ತವೆ. ಅವು ಹೊಸ್ತಿಲ ಪಕ್ಕದಲ್ಲೇ ಗುಂಡಗೆ ಕೂತಿರುತ್ತವೆ. ಲ್ಯಾಂಗರ್‌ಹ್ಯಾನ್ಸ್ ಎಂಬ ಕಾವಲು ಕೋಶಗಳಿಗೆ ಕೈ ಕಾಲು ಚಾಚಿದಂಥ ಆಕಾರ. ಚರ್ಮ ನರ ಕಳೆದುಕೊಂಡಾಗ ಅವು ಪಿಜಿಪಿ 9.5ಕ್ಕೆ ಜಾಸ್ತಿ ಹೊಳೆಯುವುದನ್ನು ರ‍್ಯಾಟ್‌ಗಳಲ್ಲಿ ಕಂಡಿದ್ದಾರೆ. ಅಂದರೆ ರೋಗ ಇರುವ ಪ್ರಾಣಿಯಲ್ಲೇ ಮೋಸ ಜಾಸ್ತಿ. ನಡುವೆ ನೀಲಿ ಕೇಂದ್ರ ಕಂಡರೆ ಅದು ಕೋಶ, ಎಳೆ ಅಲ್ಲ. ಡ್ಯಾಪಿ ಹಾಕುವುದು ಚಂದಕ್ಕಲ್ಲ.

ಉದ್ದ ಅಳೆಯುವುದಕ್ಕೆ ಉಚಿತವಾಗಿ ಸಿಗುವ ಫಿಜಿ ತಂತ್ರಾಂಶ ಸಾಕು. ಅಳತೆಗೋಲು ಹೊಂದಿಸಿ, ತುಂಡು ಗೆರೆಯ ಉಪಕರಣದಿಂದ ಮೇಲ್ಪದರದ ಗುಂಟ ಎಳೆಯಿರಿ. ಏರಿಳಿಯುವ ಕೆಂಪು ಗೆರೆಯ ಗುಂಟ ಎಳೆದರೆ ಉದ್ದ ಜಾಸ್ತಿ ಬರುತ್ತದೆ, ಮೇಲಿನ ಸಪಾಟು ಅಂಚಿನ ಗುಂಟ ಎಳೆದರೆ ಕಡಿಮೆ. ನಾನು ಮೇಲಿನ ಅಂಚು ಆರಿಸುತ್ತೇನೆ, ಇಬ್ಬರು ಎಳೆದರೂ ಹೆಚ್ಚು ಕಡಿಮೆ ಒಂದೇ ಬರುತ್ತದೆ. ಯಾವುದಾದರೂ ಸರಿ, ಒಂದೇ ಇರಲಿ, ಬರೆದಿರಲಿ. ಮಡಚಿದ ಜಾಗ, ಹರಿದ ಜಾಗ, ಪಂಚ್‌ನ ಅಂಚು ಬಿಟ್ಟುಬಿಡಿ. ಎಳೆಯನ್ನೂ ಬಿಡಿ, ಉದ್ದವನ್ನೂ ಬಿಡಿ.

ಲೆಕ್ಕ ತೋರಿಸಲು ಒಂದು ಕಾಲ್ಪನಿಕ ಪ್ರಾಣಿ. ಮೂರು ಸೆಕ್ಷನ್ ಸರಿಯಾಗಿವೆ, ನಾಲ್ಕನೆಯದು ಮಡಚಿತ್ತು. ಉದ್ದ 1.9, 2.2, 2.1 ಮಿ.ಮೀ. ಎಳೆ 38, 47, 39. ಒಟ್ಟು 124 ಎಳೆ, 6.2 ಮಿ.ಮೀ. ಭಾಗಿಸಿದರೆ ಮಿಲಿಮೀಟರಿಗೆ 20. ಆ ಪ್ರಾಣಿಯ ಉತ್ತರ ಆ ಒಂದು ಸಂಖ್ಯೆ.

ಈ ಕೊನೆಯ ಮಾತಿನಲ್ಲಿ ತಪ್ಪುವವರು ಬಹಳ. ಆರು ಪ್ರಾಣಿ, ನಾಲ್ಕು ಸೆಕ್ಷನ್, ಅಲ್ಲಿಗೆ ಮಾದರಿ ಸಂಖ್ಯೆ 24 ಅಂತ ಹಾಕಿಬಿಡುತ್ತಾರೆ. ಅಲ್ಲ, ಆರೇ. ಒಂದೇ ಪಾದದ ನಾಲ್ಕು ಸೆಕ್ಷನ್ ಒಂದನ್ನೊಂದು ಹೋಲುತ್ತವೆ. ಅವನ್ನು ನಾಲ್ಕು ಪ್ರಾಣಿ ಅಂತ ಲೆಕ್ಕ ಹಾಕಿದರೆ ಇಲ್ಲದ ವ್ಯತ್ಯಾಸವೂ ಇದೆ ಅಂತ ಬರುತ್ತದೆ. ಸೆಕ್ಷನ್ ಮಟ್ಟದ ಸಂಖ್ಯೆ ಬಳಸಲೇಬೇಕಿದ್ದರೆ ಪ್ರಾಣಿಯನ್ನು ಗುಂಪಾಗಿ ಹಿಡಿಯುವ ಮಿಶ್ರ ಮಾದರಿ (ಮಿಕ್ಸ್ಡ್ ಮಾಡೆಲ್) ಎಂಬ ಅಂಕಿ ಅಂಶದ ವಿಧಾನ ಬಳಸಿ.

ಎಣಿಸಿದವರು ಎರಡು ವಾರ ಬಿಟ್ಟು ಕೆಲವು ಚಿತ್ರಗಳನ್ನು ಮತ್ತೆ ಎಣಿಸಲಿ, ಇನ್ನೊಬ್ಬರೂ ಎಣಿಸಲಿ. ಇಬ್ಬರಿಗೂ ಹೊಂದದಿದ್ದರೆ ಸರಾಸರಿ ತೆಗೆದು ಮುಂದೆ ಹೋಗಬೇಡಿ. ಒಟ್ಟಿಗೆ ಕೂತು ಒಂದೊಂದೇ ಎಳೆ ನೋಡಿ. ನಮ್ಮಲ್ಲಿ ಜಗಳ ಯಾವಾಗಲೂ ಹೊಸ್ತಿಲ ಕೆಳಗೆ ಕವಲಾಗುವ ಎಳೆಗಳ ಬಗ್ಗೆಯೇ. ಅಂಥ ಹತ್ತು ಚಿತ್ರಗಳನ್ನು ಉತ್ತರ ಸಮೇತ ಇಟ್ಟುಕೊಂಡರೆ ಹೊಸಬರಿಗೆ ಕಲಿಸುವುದೂ ಸುಲಭ.

ಸಂಖ್ಯೆ ಬಂತು, ಏನು ಹೇಳಬಹುದು

ಎಳೆ ಕಡಿಮೆಯಾದರೆ ನೋವೂ ಕಡಿಮೆ ಆಗಬೇಕಲ್ವಾ ಅಂತ ಕೇಳುತ್ತಾರೆ. ಹಾಗಿಲ್ಲ. ಇದೇ ಪ್ಯಾಕ್ಲಿಟ್ಯಾಕ್ಸೆಲ್ ರ‍್ಯಾಟ್‌ನಲ್ಲಿ ಎಳೆಗಳು ಕಡಿಮೆ, ಆದರೆ ಮುಟ್ಟಿದರೆ ಕಾಲು ಕಿತ್ತುಕೊಳ್ಳುವುದು ಜಾಸ್ತಿ. ಉಳಿದ ಎಳೆಗಳು ಸುಮ್ಮನಿರದೆ ತಾವಾಗಿಯೇ ಸಂಕೇತ ಕಳಿಸುತ್ತಿರಬಹುದು. ಆದ್ದರಿಂದ ಎಳೆಯ ಎಣಿಕೆಯನ್ನು ನೋವಿನ ಅಳತೆ ಅಂತ ಬರೆಯಬೇಡಿ. ಮುಟ್ಟಿ ನೋಡುವ, ಬಿಸಿ ತಾಗಿಸಿ ನೋಡುವ ಪರೀಕ್ಷೆಗಳನ್ನು ಅದೇ ಪ್ರಾಣಿಗಳಲ್ಲಿ ಮೊದಲೇ ಮಾಡಿ, ಎರಡನ್ನೂ ಪಕ್ಕ ಪಕ್ಕ ಇಡಿ.

ಹೊಸ ಔಷಧಿಯಿಂದ ಎಳೆ ಜಾಸ್ತಿಯಾದರೆ ಅದು ಉಳಿದದ್ದೋ ಮತ್ತೆ ಬೆಳೆದದ್ದೋ ಒಂದು ದಿನದ ಎಣಿಕೆ ಹೇಳುವುದಿಲ್ಲ. ಅದಕ್ಕೆ ಬೇರೆ ಬೇರೆ ದಿನಗಳ ಗುಂಪು ಬೇಕು. ಬೆಳೆಯುತ್ತಿರುವ ಎಳೆಗಳ ಗುರುತಾದ ಗ್ಯಾಪ್-43 ಸೇರಿಸಿದರೆ ಇನ್ನಷ್ಟು ತಿಳಿಯುತ್ತದೆ. ಮೇಲ್ಪದರದ ದಪ್ಪವನ್ನೂ ಅಳೆದಿಡಿ, ನರ ಹೋದ ಚರ್ಮ ತೆಳ್ಳಗಾಗುತ್ತದೆ.

ಪ್ರಬಂಧ ಬರೆಯುವಾಗ ಪಾದದ ಜಾಗ, ಫಿಕ್ಸೇಟಿವ್ ಮತ್ತು ಗಂಟೆ, ಸೆಕ್ಷನ್ ದಪ್ಪ, ಸೆಕ್ಷನ್ ಆರಿಸಿದ ರೀತಿ, ಎಣಿಕೆಯ ನಿಯಮ, ಉದ್ದ ಎಳೆದ ರೀತಿ, ಬಿಟ್ಟ ಪ್ರಾಣಿಗಳು ಮತ್ತು ಕಾರಣ, ಇಷ್ಟೂ ಇರಲಿ. ಪ್ರಾಣಿ ಪ್ರಯೋಗಗಳ ವರದಿಗೆಂದೇ ಇರುವ ಅರೈವ್ ಮಾರ್ಗಸೂಚಿಯ 2020ರ ಆವೃತ್ತಿ ಪಕ್ಕದಲ್ಲಿಟ್ಟುಕೊಂಡು ಬರೆದರೆ ಏನೂ ತಪ್ಪಿಹೋಗುವುದಿಲ್ಲ.

ಎಣಿಸದೆ ಉಳಿದ ಸೆಕ್ಷನ್‌ಗಳನ್ನು ಚೆಲ್ಲಬೇಡಿ. ಪಿಬಿಎಸ್‌ನಲ್ಲಿ ಗ್ಲಿಸರಾಲ್ ಮತ್ತು ಎಥಿಲೀನ್ ಗ್ಲೈಕಾಲ್ ತಲಾ 30 ಶೇಕಡಾ ಬೆರೆಸಿದ ದ್ರಾವಣಕ್ಕೆ ಹಾಕಿ, ಪ್ರಾಣಿಯ ಸಂಖ್ಯೆ ಮತ್ತು ಸೆಕ್ಷನ್ ಸಂಖ್ಯೆ ಅಳಿಸದ ಪೆನ್ನಿನಲ್ಲಿ ಬರೆದು, ಮೈನಸ್ 20ರಲ್ಲಿ ಇಡಿ. ಅದರಲ್ಲಿ ಹೆಪ್ಪುಗಟ್ಟುವುದಿಲ್ಲ, ತಿಂಗಳುಗಟ್ಟಲೆ ಕೆಡುವುದಿಲ್ಲ. ಮುಂದಿನ ವರ್ಷ ಯಾರಾದರೂ ಬಂದು, ಹೋದ ಎಳೆಗಳು ಸಿಜಿಆರ್‌ಪಿ ಎಂಬ ಪೆಪ್ಟೈಡ್ ಇರುವ ಜಾತಿಯವೋ ಇಲ್ಲದವೋ ಅಂತ ಕೇಳಿದರೆ, ಹೊಸ ಪ್ರಾಣಿಯನ್ನು ಕೊಲ್ಲದೆ ಆ ಡಬ್ಬಿ ತೆಗೆದು ಕೊಡಬಹುದು.